ಅಜ್ಜನ ನಾಡಿ ತಾಳ ತಪ್ಪಿದಾಗ

ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ಸವದತ್ತಿ ದಾಟಿ ಧಾರವಾಡ, ಹುಬ್ಬಳ್ಳಿ ಇಲ್ಲವೆ ಬೆಳಗಾವಿಯ ದೊಡ್ಡ ಆಸ್ಪತ್ರೆಯ ದಾರಿ ಹಿಡಿಯಬೇಕು. ಮೆದುಳಿನ ನಾಳದಲ್ಲಿ ಸಿಕ್ಕಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ವಾಹನ ಹುಡುಕಿ, ಊರು ದಾಟಿ, ಸ್ಕ್ಯಾನ್ ಮುಗಿಯುವಷ್ಟರಲ್ಲಿ ಅದು ಕಳೆದುಹೋಗುವುದು ಸುಲಭ. ಇಂಥ ಊರುಗಳಿಗೆ ಲಕ್ವ ಬಾರದಂತೆ ತಡೆಯುವುದೇ ದೊಡ್ಡ ಚಿಕಿತ್ಸೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಲಕ್ವ ಬರುತ್ತದೆಂದು ಈಗ ಎಲ್ಲರೂ ಬಲ್ಲರು. ಅಷ್ಟಾಗಿ ಗೊತ್ತಿಲ್ಲದ ಕಾರಣ ಇನ್ನೊಂದಿದೆ. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಕ್ರಮವಾಗಿ ಕುಗ್ಗುವುದನ್ನು ಬಿಟ್ಟು ಅದುರತೊಡಗುತ್ತವೆ. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಮೂಲೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಅದು ಕಳಚಿ ಮೆದುಳಿಗೆ ಹೋದರೆ ಲಕ್ವ. ಈ ತೊಂದರೆ ಇದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು.

ಕಂಡುಹಿಡಿಯುವುದು ಕಷ್ಟವಲ್ಲ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡಿ. ಒಮ್ಮೆ ಬೇಗ, ಒಮ್ಮೆ ತಡವಾಗಿ, ತಾಳವೇ ಇಲ್ಲದೆ ಬಡಿಯುತ್ತಿದ್ದರೆ ಇಸಿಜಿ ತೆಗೆಸಬೇಕು. ಬಿ.ಪಿ. ಯಂತ್ರ ತೋರಿಸುವ ಅಂಕಿ ಎಪ್ಪತ್ತಿದೆ ಎಂದು ಸಮಾಧಾನ ಪಡುವಂತಿಲ್ಲ. ಎಪ್ಪತ್ತರಲ್ಲೂ ತಾಳ ತಪ್ಪಿರಬಹುದು.

ಮುದುಕರ ಕಾಯಿಲೆ ಎಂದು ವಿದ್ಯಾರ್ಥಿಗಳು ಪುಟ ತಿರುವಬೇಡಿ. 5ರಿಂದ 15 ವರ್ಷದೊಳಗಿನ ಮಕ್ಕಳಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ಕೀಲುವಾತ ಜ್ವರ ಹೃದಯದ ಕವಾಟವನ್ನು ಕೆಡಿಸಬಲ್ಲದು. ಅಂಥವರಿಗೆ ಮೂವತ್ತು–ನಲವತ್ತರಲ್ಲೇ ನಾಡಿ ತಾಳ ತಪ್ಪುವುದುಂಟು.

ಮದ್ದು ಹಳೆಯದು, ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ. 1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಹಸುವನ್ನೂ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ತಂದ. ದನ ತಿಂದಿದ್ದ ಕೆಟ್ಟ ಮೇವಿನಲ್ಲಿತ್ತು ಗುಟ್ಟು. ಆ ಸಂಶೋಧನೆಯಿಂದ ಬಂದ ವಾರ್ಫರಿನ್ ಮೊದಲು ಇಲಿಪಾಷಾಣವಾಗಿ, 1954ರಿಂದ ಮನುಷ್ಯರ ಔಷಧಿಯಾಗಿ ಬಳಕೆಗೆ ಬಂತು. ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲಿ ಲಕ್ವದ ಅಪಾಯವನ್ನು ಇದು ಮೂರರಲ್ಲಿ ಎರಡು ಪಾಲು ತಗ್ಗಿಸುತ್ತದೆ. ಆಸ್ಪಿರಿನ್ನಿಗೆ ಆ ಶಕ್ತಿಯಿಲ್ಲ. ಆದರೂ ಚೀಟಿಯಲ್ಲಿ ಆಸ್ಪಿರಿನ್ ಮಾತ್ರ ಇರುವುದು ಅಪರೂಪವಲ್ಲ.

ಏಕೆ? ರಕ್ತಸ್ರಾವದ ಭಯ. ಗುಳಿಗೆ ಬರೆದು ರಕ್ತ ಹರಿದರೆ ದೂರು ವೈದ್ಯರ ಮೇಲೆ. ಬರೆಯದೆ ಲಕ್ವ ಹೊಡೆದರೆ ಹಣೆಬರಹದ ಮೇಲೆ. ಊರ ವೈದ್ಯರ ಅಳುಕು ಸುಳ್ಳಲ್ಲ. ಆದರೆ ಈ ಲೆಕ್ಕದಲ್ಲಿ ರೋಗಿಯ ನಷ್ಟ ಕಾಣುವುದೇ ಇಲ್ಲ. 65 ದಾಟಿದವರು, ಬಿ.ಪಿ., ಸಕ್ಕರೆ ಇದ್ದವರು, ಒಮ್ಮೆ ಲಕ್ವ ಹೊಡೆದವರು, ಇವರಿಗೆ ಗುಳಿಗೆ ಬೇಕೇ ಎಂದು ಮನೆಯವರೇ ಕೇಳಬೇಕು.

ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಮೊದಮೊದಲು ಮೇಲಿಂದ ಮೇಲೆ, ಹದಕ್ಕೆ ಬಂದ ಮೇಲೆ ಸುಮಾರು ತಿಂಗಳಿಗೊಮ್ಮೆ ಮಾಡಿಸಬೇಕು. ಅಂಕಿ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಡಾಬಿಗಟ್ರಾನ್, ಅಪಿಕ್ಸಬಾನ್‌ನಂಥ ಹೊಸ ಗುಳಿಗೆಗಳಿಗೆ ಈ ತಾಪತ್ರಯವಿಲ್ಲ, ಮೂತ್ರಪಿಂಡದ ಪರೀಕ್ಷೆ ಸಾಕು. ಹಾಗೆಂದು ಎಲ್ಲರಿಗೂ ಅವು ಸಲ್ಲವು. ಕೀಲುವಾತ ಜ್ವರದಿಂದ ಹೃದಯ ಕೆಟ್ಟ 4,500ಕ್ಕೂ ಹೆಚ್ಚು ಜನರ ಮೇಲೆ 24 ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸ ಗುಳಿಗೆ ರಿವರಾಕ್ಸಬಾನ್‌ಗಿಂತ ಹಳೆಯ ಬಗೆಯದನ್ನು ನುಂಗಿದವರಲ್ಲೇ ಸಾವು ಕಡಿಮೆ. ಲೋಹದ ಕವಾಟ ಹಾಕಿಸಿಕೊಂಡವರಿಗೂ ಹಳೆಯದೇ ಗತಿ.

ಇನ್ನು ಊಟ. ಮೆಂತೆ, ಪಾಲಕ, ಹಕ್ಕರಿಕಿ ಮೊದಲಾದ ತಪ್ಪಲ ಪಲ್ಯದಲ್ಲಿರುವ ಕೆ ಜೀವಸತ್ವ ಹಳೆಯ ಗುಳಿಗೆಗೆ ಎದುರಾಳಿ. ರೊಟ್ಟಿಯ ಜೊತೆ ಪಲ್ಯವೇ ಬೇಡ ಎಂದಲ್ಲ. ಇಂದು ಬುಟ್ಟಿಗಟ್ಟಲೆ, ನಾಳೆ ಏನೂ ಇಲ್ಲ ಎಂದಾಗಬಾರದು, ಅಷ್ಟೆ. ಇದಕ್ಕಿಂತ ಹೆಚ್ಚು ಕಾಡುವುದು ಮೊಣಕಾಲು ನೋವಿಗೆ ಕೇಳದೆ ನುಂಗುವ ಡೈಕ್ಲೊಫೆನಾಕ್. ಹೊಟ್ಟೆಯಲ್ಲಿ ರಕ್ತ ಸುರಿಯಲು ಅದು ದಾರಿ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಒಂದು ನೋಟುಪುಸ್ತಕ ಅವರ ವಶಕ್ಕಿರಲಿ: ದಿನಾಂಕ, ಐ.ಎನ್.ಆರ್., ಗುಳಿಗೆಯ ಪ್ರಮಾಣ. ಹಲ್ಲು ಕೀಳಿಸಲು ಹೋದರೂ ಅದನ್ನು ಒಯ್ಯಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಮಲ ಡಾಂಬರಿನಂತೆ ಕಪ್ಪಾದರೆ, ಅಥವಾ ಅಜ್ಜ ಬಿದ್ದು ತಲೆಗೆ ಪೆಟ್ಟಾದರೆ, ಮೇಲುನೋಟಕ್ಕೆ ಚೆನ್ನಾಗಿಯೇ ಇದ್ದರೂ, ಆ ಕೂಡಲೆ ಆಸ್ಪತ್ರೆಗೆ ಕರೆದೊಯ್ಯಿರಿ.