ಲಿನಕ್ಸ್‌ಗೆ ನೀವು ಬರೀ ಒಂದು ನಂಬರು

ಲಿನಕ್ಸ್ ಕಂಪ್ಯೂಟರಿನಲ್ಲಿ ಫೈಲುಗಳ ವಿವರವಾದ ಪಟ್ಟಿ ಕೇಳಿದರೆ ಪ್ರತಿ ಫೈಲಿನ ಪಕ್ಕದಲ್ಲೂ ಒಡೆಯರ ಹೆಸರು ಕಾಣುತ್ತದೆ. ಡಿಸ್ಕಿನಲ್ಲಿ ಒಡೆತನದ ಗುರುತಾಗಿ ಬರೆದಿರುವುದು ಮಾತ್ರ ಹೆಸರಲ್ಲ, ಯುಐಡಿ ಎಂಬ ಸಂಖ್ಯೆ. ಸಕಲಾಧಿಕಾರಿಯಾದ ರೂಟ್‌ಗೆ ಸೊನ್ನೆ. ನಮ್ಮಂಥ ಸಾಮಾನ್ಯರ ಎಣಿಕೆ ಈಗಿನ ಬಹುತೇಕ ಲಿನಕ್ಸ್‌ಗಳಲ್ಲಿ 1000ದಿಂದ ಶುರು. ಖಾತೆ ಅಳಿಸಿಹೋದವರ ಫೈಲು ಉಳಿದಿದ್ದರೆ ಪಟ್ಟಿಯಲ್ಲಿ ಹೆಸರಿನ ಬದಲು ಆ ಅಂಕಿಯೇ ಇಣುಕುತ್ತದೆ.

ಅಂಕಿಯಿಂದ ಹೆಸರು ಹುಡುಕಲು ಸಿ ಭಾಷೆಯಲ್ಲಿ ಗೆಟ್‌ಪಿಡಬ್ಲ್ಯುಯುಐಡಿ ಎಂಬ ಫಂಕ್ಷನ್ ಇದೆ. ಹೆಸರು ಗೊತ್ತಿದ್ದರೆ ಗೆಟ್‌ಪಿಡಬ್ಲ್ಯುನ್ಯಾಮ್. ಎಲ್ಲ ದಾಖಲೆಗಳನ್ನೂ ಒಂದೊಂದಾಗಿ ಓದಲು ಗೆಟ್‌ಪಿಡಬ್ಲ್ಯುಎಂಟ್. ಇವು ಸಾಮಾನ್ಯವಾಗಿ ನೋಡುವುದು ಎಟ್ಸಿ ಡೈರೆಕ್ಟರಿಯ ಪಾಸ್‌ವರ್ಡ್ ಫೈಲನ್ನು. ಅಲ್ಲಿ ಸಾಲಿಗೊಬ್ಬ ಬಳಕೆದಾರ, ಸಾಲಿಗೆ ಏಳು ಅಂಕಣ: ಲಾಗಿನ್ ಹೆಸರು, ಪಾಸ್‌ವರ್ಡು, ಯುಐಡಿ, ಗುಂಪಿನ ಸಂಖ್ಯೆ, ಪೂರ್ಣ ಹೆಸರು, ಹೋಮ್ ಡೈರೆಕ್ಟರಿ, ಶೆಲ್. ಐದನೆಯದನ್ನು ಪ್ರೋಗ್ರಾಮರ್‌ಗಳು ಇಂದಿಗೂ ಜಿಕಾಸ್ ಎನ್ನುತ್ತಾರೆ. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಯಂತ್ರಗಳು ಮುದ್ರಣದ ಕೆಲಸವನ್ನು ಜಿಕಾಸ್ ವ್ಯವಸ್ಥೆಯ ಯಂತ್ರಕ್ಕೆ ಕಳಿಸುತ್ತಿದ್ದ ಕಾಲದ ಪಳೆಯುಳಿಕೆ ಅದು.

ಎರಡನೆಯ ಅಂಕಣದ ಕತೆ ಸ್ವಾರಸ್ಯದ್ದು. ಹೆಸರು ತೋರಿಸುವ ಪ್ರತಿ ಪ್ರೋಗ್ರಾಮಿಗೂ ಈ ಫೈಲು ಬೇಕಾದ್ದರಿಂದ ಇದನ್ನು ಎಲ್ಲರೂ ಓದುವಂತೆ ಇಡಲೇಬೇಕು. ಮೊದಲೆಲ್ಲ ಪಾಸ್‌ವರ್ಡಿನ ಗೂಢರೂಪವೂ ಅಲ್ಲೇ ಇರುತ್ತಿತ್ತು. ಯಾರು ಬೇಕಾದರೂ ನಕಲು ಮಾಡಿಕೊಂಡು ನಿಧಾನವಾಗಿ ಒಡೆಯಬಹುದಿತ್ತು. ಹಳೆಯ ಬಿಎಸ್‌ಡಿ ಯುನಿಕ್ಸ್ ಸಂಗ್ರಹದಲ್ಲಿ ಉಳಿದಿದ್ದ ಇಂಥದೇ ಫೈಲಿನಿಂದ ಯುನಿಕ್ಸ್ ಜನಕ ಕೆನ್ ಥಾಂಪ್ಸನ್‌ರ ಪಾಸ್‌ವರ್ಡನ್ನು 2019ರಲ್ಲಿ ಆಸಕ್ತರು ಒಡೆದೇಬಿಟ್ಟರು. ಅದು ಚದುರಂಗದ ಆರಂಭದ ನಡೆ! ಈಗ ಗೂಢರೂಪ ಶ್ಯಾಡೋ ಎಂಬ ಬೇರೆ ಫೈಲಿನಲ್ಲಿದ್ದು, ಸಾಮಾನ್ಯ ಬಳಕೆದಾರರು ಅದನ್ನು ತೆರೆಯಲಾರರು. ಹಳೆಯ ಜಾಗದಲ್ಲಿ ಬರೀ ಒಂದು ಎಕ್ಸ್ ಕೂತಿದೆ.

ಈ ಫಂಕ್ಷನ್‌ಗಳಲ್ಲಿ ಹೊಸಬರು ಬೀಳುವ ಹಳ್ಳವೊಂದಿದೆ. ಅವು ಉತ್ತರವನ್ನು ಬರೆದಿಡುವುದು ತಮ್ಮದೇ ಒಂದು ಜಾಗದಲ್ಲಿ; ನಮಗೆ ಸಿಗುವುದು ಅದರ ವಿಳಾಸ, ಅಂದರೆ ಪಾಯಿಂಟರ್, ಅಷ್ಟೆ. ಮತ್ತೆ ಕರೆದರೆ ಒಂದೇ ಸ್ಲೇಟಿನಲ್ಲಿ ಅಳಿಸಿ ಬರೆದಂತೆ ಹಿಂದಿನ ಉತ್ತರ ಮಾಯವಾಗಬಹುದು. ಇಬ್ಬರು ಬಳಕೆದಾರರನ್ನು ಹೋಲಿಸಹೊರಟ ಪ್ರೋಗ್ರಾಮು ಎರಡೂ ಕಡೆ ಒಬ್ಬರನ್ನೇ ಕಂಡು ತೃಪ್ತಿಪಡುತ್ತದೆ. ಹಲವು ಥ್ರೆಡ್‌ಗಳಿದ್ದರಂತೂ ಗೊಂದಲವೇ. ಬೇಕಾದ್ದನ್ನು ಕೂಡಲೇ ನಕಲು ಮಾಡಿಕೊಳ್ಳಬೇಕು, ಇಲ್ಲವೇ ನಾವೇ ಜಾಗ ಒದಗಿಸುವ, ಹೆಸರಿನ ಕೊನೆಗೆ ಆರ್ ಇರುವ ಫಂಕ್ಷನ್‌ಗಳನ್ನು ಬಳಸಬೇಕು.

ಫೈಲನ್ನೇ ತೆರೆದು ಸಾಲು ಕತ್ತರಿಸಿಕೊಂಡರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ದೊಡ್ಡ ಸಂಸ್ಥೆಗಳಲ್ಲಿ ಖಾತೆಗಳು ಹೆಚ್ಚಾಗಿ ಎಲ್‌ಡಿಎಪಿಯಂಥ ಸರ್ವರಿನಲ್ಲಿರುತ್ತವೆ. ಎಲ್ಲೆಲ್ಲಿ ಹುಡುಕಬೇಕೆಂದು ಎನ್‌ಎಸ್‌ಸ್ವಿಚ್ ಎಂಬ ಫೈಲು ಹೇಳುತ್ತದೆ. ಸಿ ಫಂಕ್ಷನ್ ಅದನ್ನು ಪಾಲಿಸುತ್ತದೆ, ನಿಮ್ಮ ಕತ್ತರಿ ಪಾಲಿಸದು. ಆದ್ದರಿಂದ ಫಂಕ್ಷನ್ನನ್ನೇ ಕೇಳಿ. ಉತ್ತರವಾಗಿ ನಲ್ ಬಂದರೆ ಅಂಥ ಬಳಕೆದಾರ ಇಲ್ಲವೆಂದು ತೀರ್ಮಾನಿಸುವ ಮೊದಲು ದೋಷಸಂಖ್ಯೆ ಎರ್‌ನೋವನ್ನೂ ನೋಡಿ; ಕರೆಯುವ ಮುನ್ನ ಅದನ್ನು ಸೊನ್ನೆ ಮಾಡಿಡಲು ಮರೆಯಬೇಡಿ.