ಸ್ವಂತ ವೆಬ್‌ಸೈಟು: ಮೊದಲ ನೂರು ಡಾಲರ್ ಲೆಕ್ಕ

ಕೆಲಸದ ಜೊತೆಗೆ ಒಂದು ವೆಬ್‌ಸೈಟ್ ಮಾಡಿದ್ರೆ ದುಡ್ಡು ಬರತ್ತಾ ಅಂತ ಪುಣೆ, ಹೈದರಾಬಾದ್ ಕಡೆಯಿಂದ ತುಂಬಾ ಜನ ಕೇಳ್ತೀರಿ. ಬರತ್ತೆ. ಆದ್ರೆ ಲೆಕ್ಕ ಮೊದಲೇ ಗೊತ್ತಿರಲಿ.

ಗೂಗಲ್ ಆಡ್‌ಸೆನ್ಸ್‌ನಲ್ಲಿ 100 ಡಾಲರ್ ಆಗೋವರೆಗೆ ದುಡ್ಡು ಕೈಗೆ ಬರಲ್ಲ. 10 ಡಾಲರ್ ಮುಟ್ಟಿದಾಗ ವಿಳಾಸ ಖಾತ್ರಿಗೆ ಅಂಚೆಯಲ್ಲಿ ಪಿನ್ ಕಳಿಸ್ತಾರೆ (ಪದೇ ಪದೇ ಬಾಡಿಗೆ ಮನೆ ಬದಲಿಸೋರು ಗಮನಿಸಿ). ಈಗ ಸಾವಿರ ವೀಕ್ಷಣೆಗೆ ಅರ್ಧ ಡಾಲರ್ ಸಿಗತ್ತೆ ಅಂತಿಟ್ಕೊಳ್ಳಿ. 100 ಡಾಲರಿಗೆ 2 ಲಕ್ಷ ವೀಕ್ಷಣೆ ಬೇಕು. ದಿನಕ್ಕೆ 200 ಜನ ಬಂದು ಒಂದೊಂದು ಪುಟ ಓದಿದ್ರೆ ಸಾವಿರ ದಿನ!

ಅದಕ್ಕೇ 'ಟೆಕ್ ಟಿಪ್ಸ್' ಬಿಡಿ, ಒಂದೇ ಒಂದು ತೊಂದರೆ ಹಿಡಿದು ಬರೀರಿ. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು 11 ತಿಂಗಳದ್ದಾದ್ರೂ ನೋಂದಣಿ ಆಗಲೇಬೇಕು. ಊರಲ್ಲಿ ಬರೀ ಸ್ಟಾಂಪ್ ಪೇಪರ್ ಮೇಲೆ ಮುಗಿಸಿ ಬಂದೋರಿಗೆ ಇದು ಹೊಸದು. ಹಿಂಜೆವಾಡಿಗೆ ಬಂದಿಳಿದ ಹುಬ್ಬಳ್ಳಿ ಹುಡುಗನಿಗೆ ಅದನ್ನ ಕನ್ನಡದಲ್ಲಿ, ಸ್ಕ್ರೀನ್‌ಶಾಟ್ ಸಮೇತ ತಿಳಿಸಿ. ನಿಮ್ಮ ಮಾತು ನಂಬಿ, ನೀವು ಬಳಸಿದ ಫ್ರಿಜ್ಜನ್ನೇ ಅವನು ನಿಮ್ಮ ಅಫಿಲಿಯೇಟ್ ಲಿಂಕಿಂದ ಕೊಂಡ್ರೆ, ಆ ಒಂದು ಕಮಿಷನ್ನು ಸಾವಿರಾರು ವೀಕ್ಷಣೆಗೆ ಸಮ. ಕಮಿಷನ್ ಸಿಗತ್ತೆ ಅನ್ನೋದನ್ನ ಪುಟದಲ್ಲೇ ಬರೆದುಬಿಡಿ.

ಶುರು ಮಾಡೋ ಮುಂಚೆ ಆಫರ್ ಲೆಟರ್ ತೆಗೆದು ಓದಿ. ಹೊರಗಿನ ಗಳಿಕೆಗೆ ಅನುಮತಿ ಬೇಕು ಅನ್ನೋ ಷರತ್ತು ಎಷ್ಟೋ ಕಂಪನಿಗಳಲ್ಲಿದೆ. ಎಚ್‌ಆರ್‌ಗೆ ಮೇಲ್ ಹಾಕಿ, ಉತ್ತರ ಜೋಪಾನವಾಗಿಡಿ. ಆಫೀಸ್ ಲ್ಯಾಪ್‌ಟಾಪಲ್ಲಂತೂ ಈ ಕೆಲಸ ಬೇಡವೇ ಬೇಡ. ಇನ್ನು ತೆರಿಗೆ: ವ್ಯವಹಾರದ ಆದಾಯ ಅಂತ ತೋರಿಸಿದ್ರೆ ಐಟಿಆರ್-1 ನಡೆಯಲ್ಲ, 3 ಅಥವಾ 4 ತುಂಬಬೇಕು.