ಕಣ್ಣಿನ ಗಡ್ಡೆಗೆ ಮಿಲಿಮೀಟರಿನ ಲೆಕ್ಕ

ಚರ್ಮಕ್ಕೆ, ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಕಣ್ಣಿನೊಳಗೂ ಇದೆ. ಅದನ್ನು ತಯಾರಿಸುವ ಜೀವಕೋಶಗಳು ಹತೋಟಿ ತಪ್ಪಿ ಬೆಳೆದರೆ ಉಂಟಾಗುವ ಕ್ಯಾನ್ಸರೇ ಕಣ್ಣಿನ ಮೆಲನೋಮ. ಇದು ಅಪರೂಪದ ಕಾಯಿಲೆ. ಬರುವುದು ಹೆಚ್ಚಾಗಿ ದೊಡ್ಡವರಿಗೆ. ಮೊದಮೊದಲು ನೋವೇ ಇರುವುದಿಲ್ಲ.

ಗಡ್ಡೆ ಪತ್ತೆಯಾದ ಮೇಲೆ ಅದರ ಹಂತವನ್ನು ಗುರುತಿಸಬೇಕು. ಅಲ್ಟ್ರಾಸೌಂಡ್ ಮೂಲಕ ಗಡ್ಡೆಯ ಎತ್ತರ, ಬುಡದ ಅಗಲಗಳನ್ನು ಅಳೆಯುತ್ತಾರೆ. ಅದು ಕಣ್ಣುಗುಡ್ಡೆಯ ಗೋಡೆಯನ್ನು ದಾಟಿದೆಯೇ, ದುಗ್ಧಗ್ರಂಥಿಗಳಿಗೆ ಅಥವಾ ದೂರದ ಅಂಗಗಳಿಗೆ ಹರಡಿದೆಯೇ ಎಂದು ನೋಡುತ್ತಾರೆ. ಚಿಕ್ಕದಾಗಿ ಕಣ್ಣೊಳಗೇ ಇದ್ದರೆ ಒಂದನೆಯ ಹಂತ. ಬೇರೆಡೆಗೆ ಹರಡಿದ್ದರೆ ನಾಲ್ಕನೆಯದು.

ಕಣ್ಣಿನ ಕಾಯಿಲೆಗೆ ಯಕೃತ್ತಿನ ಪರೀಕ್ಷೆ ಏಕೆ? ಕಣ್ಣಿನ ಒಳಭಾಗದಲ್ಲಿ ದುಗ್ಧನಾಳಗಳಿಲ್ಲ. ಆದ್ದರಿಂದ ಕ್ಯಾನ್ಸರ್ ಕೋಶಗಳು ರಕ್ತದ ದಾರಿ ಹಿಡಿಯುತ್ತವೆ. ಹೆಚ್ಚಾಗಿ ನೆಲೆಯೂರುವುದು ಯಕೃತ್ತಿನಲ್ಲಿ.

ಹಿಂದೆ ಇಂಥ ಕಣ್ಣನ್ನು ತೆಗೆದುಹಾಕುವುದೇ ವಾಡಿಕೆಯಾಗಿತ್ತು. ಅಮೆರಿಕ ಮತ್ತು ಕೆನಡಾಗಳಲ್ಲಿ ಮಧ್ಯಮ ಗಾತ್ರದ ಗಡ್ಡೆಯಿದ್ದ 1,317 ರೋಗಿಗಳ ಮೇಲೆ ದೊಡ್ಡದೊಂದು ಅಧ್ಯಯನ ನಡೆಯಿತು. ಕೆಲವರ ಕಣ್ಣು ತೆಗೆದರು. ಉಳಿದವರ ಕಣ್ಣುಗುಡ್ಡೆಯ ಹೊರಮೈಗೆ ವಿಕಿರಣ ಸೂಸುವ ಅಯೋಡಿನ್-125 ಇರುವ ಪುಟ್ಟ ಬಿಲ್ಲೆಯನ್ನು ಕೆಲವು ದಿನಗಳ ಮಟ್ಟಿಗೆ ಹೊಲಿದರು. 2001ರಲ್ಲಿ ಫಲಿತಾಂಶ ಹೊರಬಂತು: ಬದುಕುಳಿಯುವ ಸಾಧ್ಯತೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅಂದರೆ ಗಡ್ಡೆ ಮಿತಿಯೊಳಗಿದ್ದರೆ ಕಣ್ಣನ್ನೂ ಉಳಿಸಬಹುದು.

ಆ ಮಿತಿ ಸುಮಾರು 10 ಮಿಲಿಮೀಟರ್ ಎತ್ತರ, 16 ಮಿಲಿಮೀಟರ್ ಅಗಲ. ಹಾಗಾಗಿ ನೋಟ ಮಸುಕಾದರೆ, ಮಿಂಚು ಕಂಡರೆ, ಬದಿಯಲ್ಲಿ ನೆರಳು ಕವಿದರೆ ಕನ್ನಡಕ ಬದಲಿಸಿ ಸುಮ್ಮನಾಗಬಾರದು. ಕಾರಣ ಬೇರೆಯೇ ಇರಬಹುದು. ಆದರೂ ಕಣ್ಣಿಗೆ ಔಷಧಿ ಹನಿ ಹಾಕಿಸಿ, ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.